ಎಡಗಡೆಯ ಉಸಿರು

ನಮ್ಮ ಮನೆಯಲ್ಲಿ ಮಾಲೆ ಓದುವವರು ಒಬ್ಬರೇ. ಅದು ನನ್ನ ಉಮ್ಮಮ್ಮ, ಉಮ್ಮನ ತಾಯಿ ಬೀಫಾತಿಮ್ಮ. ಗುರುವಾರ ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಒಳಕೋಣೆಯಲ್ಲಿ ಚಾಪೆ ಹಾಸಿ, ಊದುಬತ್ತಿ ಹಚ್ಚಿ, ಅವರು ನಡುವೆ ಕುಳಿತುಕೊಳ್ಳುತ್ತಿದ್ದರು. ಮಾಲೆ ಎಂದರೆ ಔಲಿಯಾಗಳ, ಅಂದರೆ ಸಂತರ, ಗುಣಗಾನದ ಪದ್ಯ. ಸಾಲಿನ ಹಿಂದೆ ಸಾಲು, ಮುಗಿಯುವುದೇ ಇಲ್ಲವೇನೋ ಅನ್ನಿಸುವಷ್ಟು. ಉಮ್ಮಮ್ಮನಿಗೆ ಅಷ್ಟೂ ಬಾಯಿಪಾಠ. ಸುತ್ತ ಮನೆಯ ಹೆಂಗಸರು, ಓಣಿಯ ನಾಲ್ಕಾರು ಹೆಂಗಸರು. ನನ್ನ ಜಾಗ ಅವರ ಎಡಗಡೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

ಪದ್ಯ ನಡುವೆ ತುಂಡಾಗಬಾರದು ಎಂಬುದು ಉಮ್ಮಮ್ಮನ ಕಟ್ಟುನಿಟ್ಟು. ಆದರೆ ಓದುವವರಿಗೆ ಉಸಿರು ಬೇಕಲ್ಲ? ಅದಕ್ಕೆ ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಸಾಲಿನ ಕೊನೆಯ ಅಕ್ಷರವನ್ನು ಉಮ್ಮಮ್ಮ ಬಿಡುವ ಹೊತ್ತಿಗೆ, ಕುಳಿತವರು ಅದನ್ನು ಮೆಲ್ಲಗೆ ಹಿಡಿದುಕೊಳ್ಳಬೇಕು. ‘ಆ’ ಆದರೆ ಆ, ‘ಈ’ ಆದರೆ ಈ. ಅವರು ಉಸಿರೆಳೆದು ಮುಂದಿನ ಸಾಲಿಗೆ ಏರಿದ ಕೂಡಲೇ ನಾವು ಬಿಟ್ಟುಬಿಡಬೇಕು. ಇದನ್ನು ನಾವು ಉಸಿರು ಹಿಡಿಯುವುದು ಎನ್ನುತ್ತಿದ್ದೆವು. ಯಾರೂ ಅದನ್ನು ಓದು ಎಂದು ಎಣಿಸಿದವರಿಲ್ಲ. ಅಂಗಡಿ ಮುಚ್ಚಿ ಬಂದ ಬಾಪ, ನನ್ನ ಅಪ್ಪ, “ಇವತ್ತು ಓದಿದ್ದು ಯಾರು?” ಎಂದು ಕೇಳಿದರೆ ಉತ್ತರ ಒಂದೇ ಹೆಸರು. ಕೋಣೆಯಲ್ಲಿ ಹನ್ನೆರಡು ಜನ ಇರಲಿ, ಇಬ್ಬರು ಇರಲಿ, ಓದು ಒಂದು, ಓದಿದವರು ಒಬ್ಬರು.

ಈ ಲೆಕ್ಕವನ್ನೇ ತಲೆಯಲ್ಲಿ ಇಟ್ಟುಕೊಂಡು ನಾನು ಗ್ಲ್ಯಾಡಿಸ್ ಟೀಚರ ಸಂಗೀತದ ತರಗತಿಗೆ ಹೋದೆ.

ಅದು ೧೯೫೭. ನಾನು ಹೈಸ್ಕೂಲಿನ ನಾಲ್ಕನೆಯ ಫಾರಮಿಗೆ ಬಂದ ವರ್ಷವೇ ನಮ್ಮ ಹುಡುಗಿಯರ ಶಾಲೆಯಲ್ಲಿ ಸಂಗೀತದ ಪಾಠ ಶುರುವಾಯಿತು. ಸಂಗೀತ ಬೇಡದವರಿಗೆ ಹೊಲಿಗೆ. ಸಭೆಯ ಮುಂದೆ ನಿಂತು ಹಾಡುವ ಪದ್ಧತಿ ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಇರಲಿಲ್ಲ. ನನಗೆ ಅದರ ಆಸೆಯೂ ಇರಲಿಲ್ಲ. ಆದರೆ ಕೇಳುವ ಆಸೆ ಬೇಕಾದಷ್ಟಿತ್ತು. ಹಾಗಾಗಿ ಸಂಗೀತಕ್ಕೇ ಹೆಸರು ಕೊಟ್ಟೆ.

ಹೆಡ್‌ಮಿಸ್ಟ್ರೆಸ್ ನನ್ನನ್ನೂ ಗ್ಲ್ಯಾಡಿಸ್ ಟೀಚರನ್ನೂ ಕರೆಸಿದರು. “ಹಾಡದ ಹುಡುಗಿಗೆ ಸಂಗೀತದ ಬೆಂಚು ಎಂತಕ್ಕೆ?” ಎಂದರು.

“ಕೇಳುವ ಪರೀಕ್ಷೆ ಅಂತ ಒಂದು ಉಂಟು ಮೇಡಂ,” ಎಂದರು ಟೀಚರ್. “ಹಾಡುವವರು ಹಾಡಿ ತೋರಿಸ್ತಾರೆ. ಇವಳು ಕೇಳಿ ಬರೀತಾಳೆ. ಇವಳ ಕ್ಲಾಸಿನ ಕುಶಲಾ ಕೂಡ ಅದನ್ನೇ ಬರೀತಾಳೆ, ಅವಳ ಗಂಟಲು ಒಡೆದು ಹೋಗಿದೆ.”

“ಸರಿ. ಕ್ರಿಸ್ಮಸ್ ರಜೆಗೆ ಮೊದಲು ಪರೀಕ್ಷೆ. ಪಾಸಾದರೆ ಇರಲಿ. ಇಲ್ಲದಿದ್ದರೆ ಜನವರಿಗೆ ಹೊಲಿಗೆಗೆ ಕಳಿಸಿ. ಆಮೇಲೆ ನನ್ನ ಹತ್ತಿರ ಮಾತಾಡ್ಲಿಕ್ಕೆ ಬರುವುದು ಬೇಡ.”

ಆ ದಿನ ಸಂಜೆ ಬಾಪನಿಗೆ ಹೇಳಿದೆ. ಬಾಪನದು ಹಂಪನಕಟ್ಟೆಯಲ್ಲಿ ಕೊಡೆ ಅಂಗಡಿ. ಅವರು ಜೋರಾಗಿ ನಕ್ಕರು.

“ಕೇಳುವುದಕ್ಕೂ ಪರೀಕ್ಷೆಯಾ? ಅದನ್ನು ಮೊದಲು ನನ್ನ ಗಿರಾಕಿಗಳಿಗೆ ಇಡಬೇಕು ಮಾರಾಯ್ತಿ. ನಾನು ಒಂದು ಹೇಳಿದರೆ ಅವರು ಇನ್ನೊಂದು ಕೇಳ್ತಾರೆ.” ಆಮೇಲೆ ನಗು ನಿಲ್ಲಿಸಿ, “ಹೊಲಿಗೆ ಕಲಿತರೂ ನಷ್ಟ ಇಲ್ಲ ಸಫಿಯಾ. ಆದರೆ ನಿನಗೆ ಬೇಕಾದ್ದು ಇದು. ಇದರಲ್ಲಿ ಗಟ್ಟಿಯಾಗಿ ನಿಲ್ಲು,” ಎಂದರು.

ನಿಲ್ಲುತ್ತೇನೆ ಎಂದೆ. ಸಂಶಯವೇ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಮಾಡಿಕೊಂಡು ಬಂದದ್ದು ಕೇಳುವುದೊಂದನ್ನೇ.

ಗ್ಲ್ಯಾಡಿಸ್ ಟೀಚರ್ ಪಾಠಕ್ಕೆ ಪುಸ್ತಕ ತೆರೆಯುವವರಲ್ಲ. ಮೊದಲ ದಿನ ಕುಶಲಾಳನ್ನು ಮುಂದೆ ಕರೆದು ಅವಳ ಜಡೆ ಬಿಚ್ಚಿದರು. ಕುಶಲಾಳ ಕೂದಲು ಸೊಂಟ ದಾಟುತ್ತಿತ್ತು.

“ಇಲ್ಲಿ ನೋಡಿ. ಒಂದು ಎಳೆ ಹಿಡಿದೆ. ಒಬ್ಬಳೇ ಹಾಡುವುದು, ಜೊತೆಗೆ ಎಂತದೂ ಇಲ್ಲ. ಇದು ಒಂಟಿ ಎಳೆ.” ಆ ಎಳೆಯ ಪಕ್ಕ ಒಂದು ರಿಬ್ಬನ್ ನೇರ ಇಳಿಬಿಟ್ಟರು. “ರಿಬ್ಬನ್ ಅಲ್ಲಾಡುವುದಿಲ್ಲ, ಕೂದಲು ಅಲ್ಲಾಡ್ತದೆ. ತಂಬೂರಿ ಹಾಗೆ. ಇದು ನಿಂತ ಸ್ವರದ ಮೇಲಿನ ಎಳೆ.” ಆಮೇಲೆ ಕೂದಲನ್ನೆಲ್ಲ ಸೇರಿಸಿ ಒಂದು ಎಳೆಯನ್ನು ಮಾತ್ರ ಮೇಲೆ ತೆಗೆದರು. “ಇದು ರಾಗ. ಕೆಳಗಿನದೆಲ್ಲ ಅದನ್ನು ಹೊತ್ತುಕೊಂಡು ಜೊತೆಯಲ್ಲೇ ನಡೀತದೆ. ಇದು ಆಸರೆಯ ಎಳೆ.” ಕೊನೆಗೆ ಮೂರು ಪಾಲು ಮಾಡಿ ಚಕಚಕನೆ ಜಡೆ ಹಾಕಿದರು. “ಇದರಲ್ಲಿ ಯಾವುದು ರಾಗ, ಯಾವುದು ಆಸರೆ, ಹೇಳಿ ನೋಡುವ. ಆಗುದಿಲ್ಲ. ಮೂರೂ ರಾಗವೇ. ಇದು ಹೆಣೆದ ಎಳೆ. ಇದಕ್ಕೆಲ್ಲ ಸೇರಿ ಸಂಗೀತದ ನೇಯ್ಗೆ ಅಂತ ಹೇಳುವುದು.”

“ಟೀಚರ್, ನೋಯ್ತದೆ,” ಎಂದಳು ಕುಶಲಾ.

“ಹೆಣೆದದ್ದು ಬಿಗಿ ಇರ್ತದೆ ಮಗಾ.”

ಅದಾದ ಮೇಲೆ ಶಾಲೆಯ ಗ್ರಾಮಫೋನಿಗೆ ಕೀಲಿ ಕೊಟ್ಟು ಎರಡು ಪ್ಲೇಟು ಹಾಕಿದರು. ಮೊದಲನೆಯದರಲ್ಲಿ ಒಬ್ಬರು ಹಾಡುತ್ತಿದ್ದರು, ಹಿಂದೆ ತಂಬೂರಿ. ಎರಡನೆಯದು ಚರ್ಚಿನ ಗಾಯಕರ ಗುಂಪು. ಎಲ್ಲರೂ ಸ್ಲೇಟಿನಲ್ಲಿ ಬರೆದರು. ನಾನು ಎರಡಕ್ಕೂ ‘ಒಂಟಿ ಎಳೆ’ ಎಂದು ಬರೆದೆ.

ಟೀಚರ್ ನನ್ನ ಸ್ಲೇಟನ್ನು ಎರಡು ಸಲ ಓದಿದರು. “ಎಂತ ಸಫಿಯಾ, ತಂಬೂರಿ ಕೇಳ್ಲೇ ಇಲ್ವಾ?”

“ಕೇಳಿತು ಟೀಚರ್. ಅದು ಉಸಿರಲ್ವಾ?”

“ಉಸಿರಾ?”

“ಹಾಡುವವರದ್ದು. ಅದನ್ನು ಎಣಿಸ್ಲಿಕ್ಕೆ ಉಂಟಾ?”

ತರಗತಿ ಗೊಳ್ಳೆಂದಿತು. ಹೇಮಾಕ್ಷಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳು ನಮ್ಮಲ್ಲಿ ಚೆನ್ನಾಗಿ ಹಾಡುವವಳು. ಮನೆಯಲ್ಲಿ ಭಾಗವತರನ್ನು ಇಟ್ಟು ಪಾಠ ಹೇಳಿಸಿಕೊಳ್ಳುತ್ತಿದ್ದಳು.

“ಇವಳಿಗೆ ತಂಬೂರಿ ಉಸಿರಾಡ್ತದಂತೆ! ಮತ್ತೆ ಗುಂಪಿನಲ್ಲಿ ಅಷ್ಟು ಜನ ಹಾಡಿದ್ದು?”

“ಎಲ್ಲರೂ ಒಂದೇ ಮಾತು ಹೇಳಿದರಲ್ಲ,” ಎಂದೆ. “ಒಂದೇ ಹೊತ್ತಿಗೆ.”

“ದೇವರೇ! ನೀನು ಹೊಲಿಗೆಗೇ ಹೋಗು ಮಾರಾಯ್ತಿ. ಅಲ್ಲಿ ಒಂದೇ ದಾರ, ಒಂದೇ ಸೂಜಿ. ಲೆಕ್ಕ ತಪ್ಪುದಿಲ್ಲ.”

ನನಗೂ ನಗು ಬಂತು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಒಂದು ಮಾತು ಖಾತ್ರಿಯಾಗಿತ್ತು: ನನ್ನ ಕಿವಿಗೆ ಎಂತದೂ ಆಗಿರಲಿಲ್ಲ. ತಂಬೂರಿಯೂ ಕೇಳಿತ್ತು, ಗುಂಪಿನ ಕೆಳದನಿಯೂ ಕೇಳಿತ್ತು. ಕೇಳಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅಷ್ಟೆ. ಹಾಗಾದರೆ ತಿದ್ದಬೇಕಾದ್ದು ಆ ಲೆಕ್ಕವನ್ನು.

ಆ ವಾರದ ಗುರುವಾರ ನಾನು ಎಂದಿನಂತೆ ಉಮ್ಮಮ್ಮನ ಎಡಗಡೆ ಕುಳಿತೆ. ಆದರೆ ಉಸಿರು ಹಿಡಿಯಲಿಲ್ಲ. ಬಾಯಿ ಮುಚ್ಚಿ ಬರೇ ಕೇಳುವ ಎಂದುಕೊಂಡಿದ್ದೆ. ಮೊದಲ ಸಾಲು ಹೋಯಿತು. ಎರಡನೆಯದು ಹೋಯಿತು. ಮೂರನೆಯ ಸಾಲಿನ ಕೊನೆಗೆ ಉಮ್ಮಮ್ಮ ಉಸಿರೆಳೆದವರು ಅಲ್ಲೇ ನಿಂತುಬಿಟ್ಟರು. ನಾನು ಕಂಡಂತೆ ಅವರ ಓದು ನಡುವೆ ನಿಂತದ್ದು ಅದೇ ಮೊದಲು.

“ಯಾರು ಬಿಟ್ಟದ್ದು?” ಎಂದರು. ಕಣ್ಣು ಮುಚ್ಚಿಯೇ ಇತ್ತು. “ಎಡಗಡೆಯಿಂದ ಗಾಳಿ ಬರ್ತಾ ಉಂಟು.”

“ನಾನು ಉಮ್ಮಮ್ಮ.”

“ಗಂಟಲು ನೋವಾ?”

“ಇಲ್ಲ. ಕೇಳ್ತಾ ಇದ್ದೆ.”

“ಕೇಳುವುದಕ್ಕೆ ಬಾಯಿ ಯಾಕೆ ಮುಚ್ಚಬೇಕು ಮೋಳೇ? ನನ್ನ ಕಾಲಡಿಯ ಮಣೆ ಎಳೆದ ಹಾಗಾಯ್ತು. ಹಿಡಿ.”

ಹಿಡಿದೆ. ಓದು ಮುಂದುವರಿಯಿತು. ನಾವು ಯಾರೂ ಎಣಿಸದ ಆ ಮೆಲುದನಿಯನ್ನು ಒಂದು ಬದಿಯಿಂದ ತೆಗೆದರೆ ಉಮ್ಮಮ್ಮನಂಥವರ ಓದೇ ನಿಂತುಹೋಗುತ್ತದೆ! ಇಷ್ಟು ವರ್ಷ ನಾನು ಕೇಳುತ್ತಾ ಕುಳಿತಿದ್ದೇನೆ ಎಂದುಕೊಂಡದ್ದು ಅರ್ಧ ಮಾತ್ರ ನಿಜ. ಓದು ಒಂದೇ, ಸರಿ. ಅದರ ಎಳೆ ಒಂದಲ್ಲ, ಅದರಲ್ಲೊಂದು ನಾನು.

ಮರುದಿನ ಟೀಚರಿಗೆ ಇದನ್ನೆಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

“ಹಾಗಾದರೆ ನಿನಗೆ ದಾರಿ ಸಿಕ್ಕಿತಲ್ಲ. ತೆಗೆದು ನೋಡುವುದು. ಪ್ಲೇಟು ಕೇಳುವಾಗ ಒಂದೊಂದೇ ಎಳೆಯನ್ನು ಮನಸ್ಸಿನಲ್ಲಿ ತೆಗೆ. ತೂತು ಎಲ್ಲಿ ಬೀಳ್ತದೆ, ಎಷ್ಟು ದೊಡ್ಡದು ಬೀಳ್ತದೆ ಅಂತ ನೋಡು. ಶನಿವಾರ ಉರ್ವಕ್ಕೆ ಬಾ, ನಮ್ಮ ಮನೆಗೆ. ಕ್ರಿಸ್ಮಸ್ ಹಾಡಿನ ಪ್ರ್ಯಾಕ್ಟೀಸು ಉಂಟು.”

ಕ್ರಿಸ್ಮಸ್ ಹಾಡು ಎಂದಾಗ ಉಮ್ಮ ಬಾಪನ ಮುಖ ನೋಡಿದರು. ಬಾಪ ಸ್ವಲ್ಪ ಯೋಚಿಸಿ, “ಅವರ ಪ್ರಾರ್ಥನೆ ಅವರದ್ದು. ನೀನು ಕಿವಿ ಕೊಡು, ಮರ್ಯಾದೆಯಲ್ಲಿ ಕುಳಿತುಕೋ, ಸಂಜೆ ಅಸರ್ ನಮಾಜಿನ ಹೊತ್ತಿಗೆ ವಾಪಸ್ ಬಾ,” ಎಂದರು. ತಾವೇ ಸಿಟಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟರು.

ಟೀಚರ ಮನೆಯ ಜಗಲಿಯಲ್ಲಿ ಹಾಡುವವರು ನಾಲ್ಕು ಸಾಲಾಗಿ ನಿಂತಿದ್ದರು. ತೀರ ಕೆಳಗಿನ ದನಿ ಟೀಚರ ತಮ್ಮ ಯೂಸ್ಟೇಸನದು. ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಹಂಚಿನ ಧೂಳಿಗೋ ಏನೋ ಅವನಿಗೆ ವರ್ಷವಿಡೀ ನೆಗಡಿ. ನಾನು ಒಳಬಾಗಿಲ ಹತ್ತಿರ, ಅವರಿಗೆ ಬೆನ್ನು ಹಾಕಿ ಕುಳಿತೆ. ಯಾರ ಬಾಯಿ ಅಲ್ಲಾಡುತ್ತದೆ ಎಂದು ಕಂಡರೆ ಕಿವಿ ಸೋಮಾರಿಯಾಗುತ್ತದೆ ಎಂದು ಟೀಚರ್ ಹೇಳಿದ್ದರು.

ಹಾಡು ಶುರುವಾಯಿತು. ನಾಲ್ಕು ದನಿಯೂ ಒಂದೇ ಮಾತನ್ನು ಒಟ್ಟಿಗೆ ಹೇಳುತ್ತಿದ್ದವು. ನಾನು ಮೇಲಿನ ದನಿಯನ್ನು ಬಿಟ್ಟು ಕೆಳಗಿನದನ್ನು ಹುಡುಕಿದೆ. ಇತ್ತು, ನೆಲದ ಹಾಗೆ. ಅಷ್ಟರಲ್ಲಿ ನೆಲ ಮಾಯವಾಯಿತು. ಹಾಡು ನಡೆಯುತ್ತಲೇ ಇತ್ತು, ರಾಗವೂ ಕೆಟ್ಟಿರಲಿಲ್ಲ, ಆದರೆ ಎಲ್ಲ ಗಾಳಿಯಲ್ಲಿ ನೇತಾಡಿದಂತೆ.

“ಟೀಚರ್, ಕೆಳಗಿನದು ಹೋಯಿತು!” ಎಂದೆ.

ಮರುಕ್ಷಣವೇ ಯೂಸ್ಟೇಸನ ಸೀನು ಜಗಲಿಯ ಹಂಚು ಹಾರುವಂತೆ ಕೇಳಿಸಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಈ ಹುಡುಗಿಯನ್ನು ಕರೆದದ್ದು ಪಾಠಕ್ಕಾ, ನನ್ನ ಸೀನಿಗೆ ಕಾವಲು ಕೂರಿಸ್ಲಿಕ್ಕಾ?” ಎಂದ ಯೂಸ್ಟೇಸ್, ಮೂಗು ಒರೆಸಿಕೊಳ್ಳುತ್ತ.

“ನಿನ್ನ ಸೀನಿನಿಂದ ಅವಳಿಗೆ ಆಸರೆಯ ಎಳೆ ಗೊತ್ತಾಯ್ತು. ಮೊದಲ ಸಲ ನಿನ್ನ ನೆಗಡಿಯಿಂದ ಯಾರಿಗೋ ಉಪಕಾರ ಆದದ್ದು,” ಎಂದರು ಟೀಚರ್.

ಇನ್ನೊಂದು ಹಾಡಿನಲ್ಲಿ ದನಿಗಳು ಒಂದರ ಹಿಂದೆ ಒಂದು ಹೊರಟು, ಒಂದು ಏರುವಾಗ ಇನ್ನೊಂದು ಇಳಿದು, ಅಡ್ಡಾದಿಡ್ಡಿ ದಾಟಿಕೊಂಡವು. ಅಲ್ಲಿ ಯಾವುದನ್ನು ತೆಗೆದರೂ ಉಳಿದದ್ದು ಅರ್ಧ ಮಾತಾಡಿ ಬಿಟ್ಟಂತೆ ಆಗುತ್ತಿತ್ತು. ಕುಶಲಾಳ ಜಡೆ. ತಂಬೂರಿಯ ಪ್ಲೇಟನ್ನು ಟೀಚರ್ ಮತ್ತೆ ಹಾಕಿದಾಗ ತಂಬೂರಿಯನ್ನು ತೆಗೆದು ನೋಡಿದೆ: ಹಾಡುವವರಿಗೆ ಮನೆಗೆ ಮರಳುವ ದಾರಿ ಕಾಣುವುದಿಲ್ಲ. ಡಿಸೆಂಬರಿನ ಹೊತ್ತಿಗೆ ನನಗೆ ಬಾಪನ ಅಂಗಡಿಯ ಮುಂದೆ ನಿಂತರೂ ಇದೇ ಕೆಲಸ. ಬಸ್ಸಿನ ಎಂಜಿನು ನಿಂತ ಸ್ವರ, ಕಂಡಕ್ಟರನ ಕೂಗು ಅದರ ಮೇಲಿನ ಎಳೆ, ಕೊಡೆಗೆ ಚೌಕಾಶಿ ಮಾಡುವ ಗಿರಾಕಿ ಮತ್ತು ಬಾಪ ಹೆಣೆದ ಎಳೆ, ಯಾರ ಮಾತು ಎಲ್ಲಿ ಮುಗಿಯಿತೆಂದು ಗೊತ್ತಾಗದು.

ಪರೀಕ್ಷೆಯ ದಿನ ಶಾಲೆಯ ಹಾಲಿನಲ್ಲಿ ನಾಟಕದ ಪರದೆ ಇಳಿಬಿಟ್ಟಿದ್ದರು. ಪರೀಕ್ಷಕರು ಹೊರಗಿನಿಂದ ಬಂದ ಅಲ್ಫೋನ್ಸ್ ಮಾಸ್ಟರ್; ಬಿಳಿ ಕೋಟು, ಮೆಲು ಮಾತು. ನಿಯಮ ಹೇಳಿದರು: ಪರದೆಯ ಹಿಂದಿನಿಂದ ಐದು ಸಂಗೀತ ಕೇಳಿಸುತ್ತಾರೆ. ಒಂದೊಂದು ಮುಗಿದ ಕೂಡಲೇ ಯಾವ ನೇಯ್ಗೆ, ಯಾಕೆ ಎಂದು ಚೀಟಿಯಲ್ಲಿ ಬರೆದು ತಗಡಿನ ಡಬ್ಬಿಗೆ ಹಾಕಬೇಕು. ಹಾಕಿದ ಚೀಟಿ ಮತ್ತೆ ಕೈಗೆ ಸಿಗುವುದಿಲ್ಲ. ಪಾಸಾಗಲು ನಾಲ್ಕು ಸರಿ ಇರಬೇಕು. ಬರೆಯುವವರು ಕುಶಲಾ ಮತ್ತು ನಾನು.

ಮೊದಲೆರಡು ಸುಲಭ. ಒಂಟಿ ದನಿ, ಆಮೇಲೆ ತಂಬೂರಿ ಜೊತೆಗೆ ದನಿ. ಮೂರನೆಯದು ಗುಂಪಿನ ಹಾಡಿನ ಪ್ಲೇಟು. ನಡುವೆ ದನಿಗಳು ಒಮ್ಮೆಲೇ ಜಾರತೊಡಗಿದವು, ಕೆಳಗಿನದು ತನ್ನದೇ ದಾರಿ ಹಿಡಿದಂತೆ ಇಳಿಯಿತು. ‘ಹೆಣೆದ ಎಳೆ’ ಎಂದು ಬರೆದು ಡಬ್ಬಿಗೆ ಹಾಕಿದೆ. ಆಗ ಪರದೆಯ ಹಿಂದೆ ಕರಕರ ಸದ್ದು: ಟೀಚರ್ ಗ್ರಾಮಫೋನಿಗೆ ಕೀಲಿ ಕೊಡುತ್ತಿದ್ದರು. ಸ್ಪ್ರಿಂಗು ಸಡಿಲಾಗಿ ಪ್ಲೇಟು ನಿಧಾನವಾಗಿತ್ತು! ಜಾರಿದ್ದು ಒಂದು ದನಿಯಲ್ಲ, ಎಲ್ಲವೂ ಒಟ್ಟಿಗೆ. ಅದು ಆಸರೆಯ ಎಳೆ. ಡಬ್ಬಿ ಮಾಸ್ಟರ ಕೈಯಲ್ಲಿತ್ತು.

ಒಂದು ಹೋಯಿತು. ಇನ್ನು ಒಂದೂ ಹೋಗುವ ಹಾಗಿಲ್ಲ. ಮನಸ್ಸಿನಲ್ಲೇ ದೇವರ ಹೆಸರೆತ್ತಿ ಬಿಸ್ಮಿ ಹೇಳಿಕೊಂಡು ನೇರ ಕುಳಿತೆ. ನಾಲ್ಕನೆಯದು ನಿಜವಾಗಿಯೂ ಹೆಣೆದದ್ದು; ಅದು ಸರಿ ಎಂದು ನನಗೆ ಗೊತ್ತಿತ್ತು.

ಐದನೆಯದಕ್ಕೆ ಪರದೆಯ ಹಿಂದಿನಿಂದ ಹೇಮಾಕ್ಷಿಯ ದನಿ ಬಂತು, ಜೊತೆಗೆ ಟೀಚರ ಹಾರ್ಮೋನಿಯಂ. ಕುಶಲಾ ಕೇಳಿದ ಕೂಡಲೇ ಬರೆಯತೊಡಗಿದಳು. ಒಬ್ಬಳು ಹಾಡುತ್ತಾಳೆ, ವಾದ್ಯ ಜೊತೆಗಿದೆ. ಆಸರೆಯ ಎಳೆ ಅಲ್ಲದೆ ಇನ್ನೆಂತ? ನಾನೂ ಪೆನ್ನು ಎತ್ತಿದೆ. ಆದರೆ ತೆಗೆದು ನೋಡುವ ಅಭ್ಯಾಸ ಬಿಡಲಿಲ್ಲ. ಹಾರ್ಮೋನಿಯಂ ತೆಗೆದೆ. ನೆಲ ಹೋಗಲಿಲ್ಲ, ಯಾಕೆಂದರೆ ಅದು ನೆಲವಾಗಿ ಇರಲೇ ಇಲ್ಲ. ಹೇಮಾಕ್ಷಿ ಹೋದಲ್ಲಿಗೇ ಅದೂ ಹೋಗುತ್ತಿತ್ತು, ಒಂದು ಹೆಜ್ಜೆ ಹಿಂದಿನಿಂದ, ಅದೇ ರಾಗ, ಅದೇ ತಿರುವು. ಅವಳು ಸಾಲಿನ ಕೊನೆಗೆ ನಿಂತಾಗ ಮಾತ್ರ ನಿಲ್ಲದೆ, ಕೊನೆಯ ಸ್ವರವನ್ನು ಮೆಲ್ಲಗೆ ಹಿಡಿದುಕೊಂಡು, ಅವಳು ಏರಿದ ಕೂಡಲೇ ಬಿಟ್ಟುಬಿಡುತ್ತಿತ್ತು.

ಅದು ನನ್ನ ಜಾಗ. ಎಡಗಡೆ, ಮೊಣಕಾಲಿಗೆ ಮೊಣಕಾಲು.

ಟೀಚರ್ ಕಲಿಸಿದ ನಾಲ್ಕರಲ್ಲಿ ಇದು ಯಾವುದೂ ಆಗಿರಲಿಲ್ಲ. ಆಸರೆ ಎಂದು ಬರೆದರೆ ಪಾಸಾಗಬಹುದು. ಆದರೆ ನಾನು ಕೇಳಿದ್ದು ಅದಲ್ಲ. ಇದು ಕೇಳುವ ಪರೀಕ್ಷೆ. ಬರೆದೆ: ‘ರಾಗ ಒಂದೇ, ಎಳೆ ಎರಡು. ಎರಡನೆಯದು ಮೊದಲನೆಯದರ ಹಿಂದಿನಿಂದ ಅದೇ ದಾರಿಯಲ್ಲಿ ನಡೆದು, ಅದರ ಉಸಿರು ಹಿಡಿಯುತ್ತದೆ.’ ಚೀಟಿ ಮಡಚಿ ಡಬ್ಬಿಗೆ ಹಾಕಿದೆ.

ಅಲ್ಫೋನ್ಸ್ ಮಾಸ್ಟರ್ ಅಲ್ಲೇ ಕುಳಿತು ಚೀಟಿಗಳನ್ನು ನೋಡಿದರು. ಪರದೆ ಇನ್ನೂ ಇಳಿದೇ ಇತ್ತು. ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್ ಬಂದು ನಿಂತಿದ್ದರು.

“ಸಫಿಯಾ ಯಾರು? ಮೂರನೆಯದು ತಪ್ಪು.”

“ಹೌದು ಸರ್. ಸ್ಪ್ರಿಂಗು ಸಡಿಲಾದದ್ದು ಆಮೇಲೆ ಗೊತ್ತಾಯ್ತು.”

ಮಾಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. “ಐದನೆಯದಕ್ಕೆ ಆಸರೆಯ ಎಳೆ ಅಂತ ನನ್ನ ಪಟ್ಟಿಯಲ್ಲಿ ಉಂಟು. ನೀನು ಬೇರೆಯೇ ಬರೆದಿದ್ದಿ. ಇಂಥ ನೇಯ್ಗೆ ಇಲ್ಲ ಅಂತ ನಾನು ಹೇಳುದಿಲ್ಲ. ಆದರೆ ಈಗ ನಡೆದದ್ದು ಅದೇ ಅಂತ ಹೇಗೆ ನಂಬುವುದು?”

“ತೆಗೆದು ನೋಡಬೇಕು ಸರ್.”

“ಎಂತ ತೆಗೆಯುವುದು?”

“ಇನ್ನೊಂದು ಸಲ ಹಾಡಲಿ. ಟೀಚರ್ ಜೊತೆಗೇ ಬಾರಿಸಲಿ. ಸಾಲಿನ ಕೊನೆಯಲ್ಲಿ ಹೇಮಾಕ್ಷಿ ನಿಲ್ಲುವಾಗ ಮಾತ್ರ ಕೈ ಎತ್ತಿಬಿಡಲಿ. ಬರೇ ಆಸರೆ ಆದರೆ ಅಷ್ಟು ಹೊತ್ತು ಇಲ್ಲದಿದ್ದರೂ ಅವಳಿಗೆ ಎಂತದೂ ಆಗ್ಲಿಕ್ಕಿಲ್ಲ. ರಾಗ ಅವಳದ್ದೇ ಅಲ್ವಾ. ಅವಳ ಉಸಿರು ಹಿಡಿಯುವುದೇ ಆದರೆ ಹಾಡು ನಿಲ್ತದೆ.”

ಅವರು ಎದ್ದು ಪರದೆಯ ಹಿಂದೆ ಹೋಗಿ ಟೀಚರ ಕಿವಿಯಲ್ಲಿ ಏನೋ ಹೇಳಿ ಬಂದರು. ಹೇಮಾಕ್ಷಿಗೆ ಹೇಳಲಿಲ್ಲ. ಹಾಡು ಮತ್ತೆ ಶುರುವಾಯಿತು. ಮೊದಲ ಸಾಲಿನ ಕೊನೆ. ಹಾರ್ಮೋನಿಯಂ ನಿಂತಿತು, ಹಾಲಿನಲ್ಲಿ ಬರೇ ಖಾಲಿ. ಹೇಮಾಕ್ಷಿ ಅವಸರದಲ್ಲಿ ಅರ್ಧ ಉಸಿರಿಗೇ ಮುಂದಿನ ಸಾಲು ಹಿಡಿದಳು. ಎರಡನೆಯ ಸಾಲಿನ ಕೊನೆ. ಮತ್ತೆ ಖಾಲಿ. ಆಮೇಲೆ ಹಾಡೇ ನಿಂತು, ಪರದೆ ಸರಿದು, ಸಿಟ್ಟಿನಿಂದ ಕೆಂಪಾದ ಹೇಮಾಕ್ಷಿಯ ಮುಖ ಹೊರಗೆ ಬಂತು.

“ಎಂತಕ್ಕೆ ಬಿಡುವುದು ಟೀಚರ್? ನಾನು ಬಿದ್ದು ಹೋಗ್ತೇನೆ!”

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಅಲ್ಫೋನ್ಸ್ ಮಾಸ್ಟರ್ ನಗೆ ತಡೆಯಲಿಲ್ಲ. ತಮ್ಮ ಪಟ್ಟಿಯಲ್ಲಿ ಐದನೆಯ ಸಾಲಿಗೆ ಗೀಟು ಎಳೆದು ಏನೋ ಬರೆದರು. “ಆಸರೆ ಅಂತ ಬರೆದರೂ ಸರಿಯೇ ಕೊಡ್ತೇನೆ, ನಾವು ಕಲಿಸಿದ್ದು ಅಷ್ಟೇ. ಇದು ಅದಕ್ಕಿಂತ ಸರಿ.” ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿದರು. “ಇಬ್ಬರೂ ಪಾಸು ಮೇಡಂ.”

“ಹೊಲಿಗೆಯ ಟೀಚರಿಗೆ ಒಂದು ಸೀಟು ಖಾಲಿ ಇಡ್ಲಿಕ್ಕೆ ಹೇಳಿದ್ದೆ,” ಎಂದರು ಹೆಡ್‌ಮಿಸ್ಟ್ರೆಸ್. “ಬೇಡ ಅಂತ ಹೇಳಬೇಕಾಯ್ತು.” ಹೋಗುವಾಗ ನನ್ನ ತಲೆಯ ಮೇಲಿನ ಬಟ್ಟೆಯನ್ನು ಒಮ್ಮೆ ಸರಿಮಾಡಿ ಹೋದರು.

ಮೆಟ್ಟಿಲು ಇಳಿಯುವಾಗ ಹೇಮಾಕ್ಷಿ ಹಿಂದಿನಿಂದ ಬಂದು ಭುಜಕ್ಕೆ ಗುದ್ದಿದಳು. “ನನ್ನನ್ನು ಬೀಳಿಸಿ ಪಾಸಾದಿ ಅಲ್ವಾ? ಇನ್ನು ನಾನು ಮನೆಯಲ್ಲಿ ಪ್ರ್ಯಾಕ್ಟೀಸು ಮಾಡುವಾಗ ನೀನೇ ಬಂದು ಕೂರು. ಎಲ್ಲಿ ತೂತು ಬೀಳ್ತದೆ ಅಂತ ಹೇಳು.”

“ಹೇಳ್ತೇನೆ. ಸಿಟ್ಟು ಮಾಡ್ಲಿಕ್ಕಿಲ್ಲ ಮತ್ತೆ.”

“ಅದು ನೋಡುವ.”

ಆ ದಿನ ಗುರುವಾರ. ಬಾಪ ಅಂಗಡಿಯಿಂದ ಬೇಗ ಬಂದರು, ಕೈಯಲ್ಲಿ ಹಲ್ವದ ಪೊಟ್ಟಣ. ಮಗ್ರಿಬ್ ಮುಗಿದು ಚಾಪೆ ಹಾಸಿದ ಮೇಲೆ ಉಮ್ಮಮ್ಮ ಕೇಳಿದರು:

“ಪರೀಕ್ಷೆಯಲ್ಲಿ ಎಂತ ಕೇಳಿದರು ಮೋಳೇ?”

“ಹಾಡಿನಲ್ಲಿ ಎಷ್ಟು ಎಳೆ ಉಂಟು ಅಂತ.” ಅವರ ಹತ್ತಿರ ಜರುಗಿದೆ. “ಉಮ್ಮಮ್ಮ, ನೀವು ಓದುವಾಗ ಇಲ್ಲಿ ಓದುವವರು ಎಷ್ಟು ಜನ, ಹೇಳಿ ನೋಡುವ.”

“ಅದೆಂಥ ಪ್ರಶ್ನೆ? ಓದುವುದು ನಾನೊಬ್ಬಳೇ.” ಉಮ್ಮಮ್ಮ ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಎಡಗೈಯಿಂದ ಪಕ್ಕದ ಚಾಪೆಯನ್ನು ಮುಟ್ಟಿ ನೋಡಿದರು, ನನ್ನ ಮೊಣಕಾಲು ಸಿಗುವವರೆಗೆ.

“ಇದ್ದೀಯಲ್ಲ? ಹಾಗಾದರೆ ಶುರು ಮಾಡ್ತೇನೆ.”